ಕೀಲಿ ಕೊಡುವ ಕೈಗಡಿಯಾರ ಮತ್ತು ಅದರ ದುರಸ್ತಿಯ ಕಸುಬು

ಕಾಚಿಗೂಡ ಮತ್ತು ಅದರ ನೆರೆಯ ಬಡಾವಣೆಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮನೆಗಳಲ್ಲಿ ಹಿರಿಯರ ಕಾಲದ ಕೈಗಡಿಯಾರವೊಂದು ಬೀರುವಿನ ಮೂಲೆಯಲ್ಲಿ ಸಿಗುವುದು ಅಪರೂಪವೇನಲ್ಲ. ಅದು ಮೊದಲ ಸಂಬಳದಲ್ಲಿ ಕೊಂಡದ್ದಿರಬಹುದು, ಮದುವೆಯಲ್ಲಿ ಮಾವನ ಮನೆಯವರು ಕೊಟ್ಟದ್ದಿರಬಹುದು, ನಿವೃತ್ತಿಯ ದಿನ ಸಹೋದ್ಯೋಗಿಗಳು ಕೈಗೆ ಕಟ್ಟಿದ್ದಿರಬಹುದು. ಒಂದು ದಿನ ಅದು ನಿಂತಿತು. ಮನೆಯವರು "ಇನ್ನು ಇದು ನಡೆಯದು" ಎಂದು ಎತ್ತಿಟ್ಟರು. ವಾಸ್ತವವಾಗಿ ಹೀಗೆ ಎತ್ತಿಟ್ಟ ಗಡಿಯಾರಗಳಲ್ಲಿ ಅನೇಕವು ಕೆಟ್ಟಿರುವುದೇ ಇಲ್ಲ. ಒಳಗಿನ ಎಣ್ಣೆ ಒಣಗಿ, ಧೂಳಿನೊಡನೆ ಸೇರಿ ಅಂಟಾಗಿರುತ್ತದೆ, ಅಷ್ಟೆ. ಬಲ್ಲವರ ಕೈಗೆ ಹೋದರೆ ಅದು ಮತ್ತೆ ನಡೆಯುತ್ತದೆ. ಆದರೆ ಆ ಬಲ್ಲವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಕೀಲಿ ಕೊಡುವ ಗಡಿಯಾರದ ಒಳಗೇನಿದೆ, ಅದನ್ನು ಕೈಯಿಂದ ದುರಸ್ತಿ ಮಾಡುವುದೆಂದರೇನು, ದುರಸ್ತಿಗೆ ಕೊಡುವವರು ಏನನ್ನು ತಿಳಿದಿರಬೇಕು ಎಂಬುದನ್ನು ಈ ಲೇಖನದಲ್ಲಿ ಸಂಕ್ಷಿಪ್ತವಾಗಿ ವಿವರಿಸಲು ಪ್ರಯತ್ನಿಸಿದ್ದೇವೆ.

ನಮ್ಮ ನಗರ ಮತ್ತು ಗಡಿಯಾರ

ಹೈದರಾಬಾದು ಗಡಿಯಾರಗಳನ್ನು ಪ್ರೀತಿಸಿದ ನಗರ. ಚಾರ್‌ಮಿನಾರಿನ ನಾಲ್ಕು ಮುಖಗಳಿಗೆ 1889ರಲ್ಲಿ ಗಡಿಯಾರಗಳನ್ನು ಅಳವಡಿಸಲಾಯಿತು. ಅಲ್ಲಿಂದ ಸ್ವಲ್ಪ ದೂರದ ಮೆಹಬೂಬ್ ಚೌಕದ ಗಡಿಯಾರ ಗೋಪುರ 1892ರದು. ಸಾಲಾರ್ ಜಂಗ್ ವಸ್ತುಸಂಗ್ರಹಾಲಯಕ್ಕೆ ಹೋದವರು ಅಲ್ಲಿನ ಸಂಗೀತ ಗಡಿಯಾರದ ಮುಂದೆ ಕುಳಿತು ಕಾಯದೆ ಬರುವುದಿಲ್ಲ. ಕಲ್ಕತ್ತೆಯ ಕುಕ್ ಅಂಡ್ ಕೆಲ್ವಿ ಕಂಪನಿಯ ಹೆಸರು ಹೊತ್ತ ಆ ಗಡಿಯಾರದಲ್ಲಿ ಪ್ರತಿ ಗಂಟೆಗೂ ಪುಟ್ಟ ಬೊಂಬೆಯೊಂದು ಹೊರಬಂದು ಗಂಟೆ ಬಾರಿಸಿ ಹೋಗುತ್ತದೆ. ಮಧ್ಯಾಹ್ನ 12ಕ್ಕೆ ಅದರ ಮುಂದೆ ಜನಸಂದಣಿ ಸೇರುವುದನ್ನು ನಾವೆಲ್ಲ ನೋಡಿದ್ದೇವೆ. ನಮ್ಮ ಕಾಚಿಗೂಡಕ್ಕಂತೂ ಸಮಯದ ನೆನಪು ಮಾಡಿಕೊಡಲು 1916ರಲ್ಲಿ ಕಟ್ಟಿದ ರೈಲು ನಿಲ್ದಾಣವೇ ಇದೆ.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಬೀದರ, ಕಲಬುರಗಿ, ರಾಯಚೂರುಗಳು ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ಓದಿಗೆ, ನೌಕರಿಗೆ, ವ್ಯಾಪಾರಕ್ಕೆ ಅಲ್ಲಿಂದ ಇಲ್ಲಿಗೆ ಬಂದ ಹಿರಿಯರ ಕೈಯಲ್ಲಿ ಆಗ ಇದ್ದದ್ದು ಹೆಚ್ಚಾಗಿ ಸ್ವಿಟ್ಜರ್ಲೆಂಡಿನ ಗಡಿಯಾರಗಳು. 1886ರಲ್ಲಿ ಮುಂಬಯಿಯಲ್ಲಿ ಆರಂಭವಾದ ವೆಸ್ಟ್ ಎಂಡ್ ವಾಚ್ ಕಂಪನಿಯ ಹೆಸರು ಹಳಬರಿಗೆ ಚೆನ್ನಾಗಿ ಗೊತ್ತು. ಗಡಿಯಾರವನ್ನು ಸರಿಪಡಿಸುವವನನ್ನು ಇಲ್ಲಿನ ಉರ್ದುವಿನಲ್ಲಿ ಘಡೀಸಾಜ್ ಎನ್ನುತ್ತಾರೆ. ಕಾಚಿಗೂಡದಿಂದ ಸುಲ್ತಾನ್ ಬಜಾರ್, ಕೋಠಿ, ಆಬಿಡ್ಸ್ ಕಡೆಗೆ ನಡೆದುಹೋದರೆ ಒಂದು ಕಾಲದಲ್ಲಿ ಮೆಟ್ಟಿಲ ಕೆಳಗೆ, ಅಂಗಡಿಯ ಮಗ್ಗುಲಲ್ಲಿ, ಗಾಜಿನ ಪೆಟ್ಟಿಗೆಯ ಹಿಂದೆ ತಲೆ ಬಗ್ಗಿಸಿ ಕುಳಿತ ಘಡೀಸಾಜರು ಕಣ್ಣಿಗೆ ಬೀಳುತ್ತಿದ್ದರು.

ಬೆಂಗಳೂರಿನಿಂದ ಬಂದ ಗಡಿಯಾರ

1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಗೊಂಡ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆಯು 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದೊಡನೆ ಕೈಗಡಿಯಾರ ತಯಾರಿಕೆಗೆ ತೊಡಗಿತು. 1978ರಲ್ಲಿ ತುಮಕೂರಿನಲ್ಲಿಯೂ ಕಾರ್ಖಾನೆ ಆರಂಭವಾಯಿತು. ಜನತಾ, ಪೈಲಟ್, ಕೊಹಿನೂರ್, ಸೋನಾ, ಕಾಂಚನ್ ಮುಂತಾದ ಹೆಸರುಗಳು ಮನೆಮಾತಾದವು. ಸಾಮಾನ್ಯ ಶಾಲಾ ಶಿಕ್ಷಕರು, ಗುಮಾಸ್ತರು, ರೈಲ್ವೆ ನೌಕರರು ತಮ್ಮ ದೇಶದಲ್ಲಿಯೇ, ಅದರಲ್ಲೂ ನಮ್ಮ ನಾಡಿನಲ್ಲಿಯೇ ತಯಾರಾದ ಗಡಿಯಾರವನ್ನು ಕಟ್ಟುವಂತಾಯಿತು.

ಆ ವೇಳೆಗೆ ಜಗತ್ತಿನಲ್ಲಿ ಬದಲಾವಣೆಯ ಗಾಳಿ ಬೀಸಿತ್ತು. 1969ರ ಡಿಸೆಂಬರಿನಲ್ಲಿ ಜಪಾನಿನ ಸೈಕೋ ಕಂಪನಿಯು ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. 1984ರಲ್ಲಿ ಸ್ಥಾಪನೆಯಾದ ಟೈಟನ್ ಸಂಸ್ಥೆಯು ಕರ್ನಾಟಕದ ಗಡಿಗೆ ಅಂಟಿಕೊಂಡಿರುವ, ಕನ್ನಡಿಗರೂ ಬಹಳವಾಗಿರುವ ಹೊಸೂರಿನ ಕಾರ್ಖಾನೆಯಿಂದ 1987ರ ಹೊತ್ತಿಗೆ ಕ್ವಾರ್ಟ್ಸ್ ಗಡಿಯಾರಗಳನ್ನು ದೇಶಕ್ಕೆಲ್ಲ ಕೊಡಲಾರಂಭಿಸಿತು. ಬ್ಯಾಟರಿಯ ಗಡಿಯಾರಕ್ಕೆ ಕೀಲಿ ಬೇಡ. ಸಮಯವೂ ಹೆಚ್ಚು ನಿಖರ. ಮುಂದೆ ಮೊಬೈಲು ಬಂದು ಗಡಿಯಾರದ ಅಗತ್ಯವನ್ನೇ ಪ್ರಶ್ನಿಸಿತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ನಿರ್ಧರಿಸಿತು. 2019ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಸಂಸ್ಥೆಯ ಇತಿಹಾಸವನ್ನು ತೋರಿಸುವ ವಸ್ತುಸಂಗ್ರಹಾಲಯ ತೆರೆಯಿತು. 2023ರಲ್ಲಿ ಆರಂಭವಾದ ವಂದೇ ಭಾರತ್ ರೈಲಿನಲ್ಲಿ ಕಾಚಿಗೂಡದಿಂದ ಹೊರಟರೆ ಯಶವಂತಪುರದಲ್ಲಿ ಇಳಿಯುತ್ತೇವೆ. ಅಲ್ಲಿಂದ ಜಾಲಹಳ್ಳಿ ದೂರವಿಲ್ಲ. ಆಸಕ್ತರು ಒಮ್ಮೆ ನೋಡಿಬರಬಹುದು.

ಕಾರ್ಖಾನೆ ಮುಚ್ಚಿತು, ಅಲ್ಲಿ ಹುಟ್ಟಿದ ಗಡಿಯಾರಗಳು ಮಾತ್ರ ನಮ್ಮ ಮನೆಗಳಲ್ಲಿವೆ. ದುರಸ್ತಿಯ ಕಸುಬಿಗೆ ಇಂದು ಬಂದಿರುವ ಮಹತ್ವಕ್ಕೆ ಇದೇ ಕಾರಣ.

ಒಳಗಿನ ಯಂತ್ರ

ಕೀಲಿ ಕೊಡುವುದು, ನಮ್ಮ ಕಲಬುರಗಿ, ರಾಯಚೂರು ಕಡೆಯವರ ಮಾತಿನಲ್ಲಿ ಚಾವಿ ಕೊಡುವುದು ಎಂದರೆ ಡಬ್ಬಿಯಂಥ ಸಣ್ಣ ಚಕ್ರದೊಳಗಿನ ಉಕ್ಕಿನ ಪಟ್ಟಿಯನ್ನು ಬಿಗಿಯಾಗಿ ಸುತ್ತುವುದು. ಇದೇ ಮೇನ್ ಸ್ಪ್ರಿಂಗ್. ಇದು ಬಿಚ್ಚಿಕೊಳ್ಳುವ ಬಲದಿಂದ ಹಲ್ಲುಚಕ್ರಗಳ ಸಾಲೊಂದು ತಿರುಗುತ್ತದೆ. ಅದರಲ್ಲಿ ಒಂದು ಚಕ್ರ ಗಂಟೆಗೊಮ್ಮೆ ಸುತ್ತಿದರೆ ಮತ್ತೊಂದು ನಿಮಿಷಕ್ಕೊಮ್ಮೆ ಸುತ್ತುತ್ತದೆ. ತಡೆಯುವವರಿಲ್ಲದಿದ್ದರೆ ಈ ಬಲವೆಲ್ಲ ಕೆಲವೇ ಕ್ಷಣಗಳಲ್ಲಿ ಸೋರಿಹೋಗುತ್ತಿತ್ತು. ಅದನ್ನು ತಡೆದು, ಒಂದೊಂದೇ ಹಲ್ಲಿನಂತೆ ಬಿಡುವ ಕೆಲಸ ಎಸ್ಕೇಪ್ ಚಕ್ರ ಮತ್ತು ಅದಕ್ಕೆ ಎದುರಾಗಿ ನಿಂತ ಕವಲಿನಾಕಾರದ ಪ್ಯಾಲೆಟ್‌ಗಳದು. ನಾವು ಕೇಳುವ ಟಿಕ್ ಟಿಕ್ ಶಬ್ದ ಹುಟ್ಟುವುದು ಇಲ್ಲಿಯೇ.

ಎಷ್ಟು ಹೊತ್ತಿಗೊಂದು ಹಲ್ಲು ಬಿಡಬೇಕು ಎಂಬುದನ್ನು ನಿರ್ಧರಿಸುವುದು ಅತ್ತಿತ್ತ ತೂಗುವ ಬ್ಯಾಲೆನ್ಸ್ ಚಕ್ರ ಮತ್ತು ಅದಕ್ಕೆ ಕಟ್ಟಿದ, ಕೂದಲೆಳೆಗಿಂತ ತೆಳ್ಳಗಿನ ಹೇರ್‌ಸ್ಪ್ರಿಂಗ್. ಸುರುಳಿ ಸ್ಪ್ರಿಂಗಿನಿಂದ ಬ್ಯಾಲೆನ್ಸ್ ಚಕ್ರವನ್ನು ಹತೋಟಿಯಲ್ಲಿಡುವ ವಿಧಾನವನ್ನು ಹಾಲೆಂಡಿನ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್ 1675ರಲ್ಲಿ ಪ್ರಕಟಿಸಿದನು. ಜನತಾ ಗಡಿಯಾರದ ಯಂತ್ರ ಗಂಟೆಗೆ 18,000 ಬಾರಿ, ಎಂದರೆ ಸೆಕೆಂಡಿಗೆ 5 ಬಾರಿ ಬಡಿಯುತ್ತದೆ. ದಿನಕ್ಕೆ 4,32,000 ಬಡಿತಗಳು. ವರ್ಷಕ್ಕೆ 15 ಕೋಟಿಗೂ ಹೆಚ್ಚು. ಇಷ್ಟು ದುಡಿಮೆಯನ್ನು ತಾಳಿಕೊಳ್ಳಬೇಕಾದ ಬ್ಯಾಲೆನ್ಸ್ ಅಚ್ಚಿನ ತುದಿಯ ದಪ್ಪ ಸುಮಾರು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ. ಲೋಹದ ತೂತಿನಲ್ಲಿ ಅದು ಬೇಗ ಸವೆಯುವುದರಿಂದ ಕೃತಕ ಮಾಣಿಕ್ಯದ ಕಲ್ಲುಗಳಲ್ಲಿ ಅದನ್ನು ಕೂರಿಸುತ್ತಾರೆ. ಡಯಲ್ ಮೇಲೆ 17 ಜ್ಯೂಯಲ್ಸ್ ಎಂದು ಬರೆದಿರುವುದರ ಅರ್ಥ ಇದೇ. ಅವು ಅಲಂಕಾರಕ್ಕಾಗಿ ಇರುವ ರತ್ನಗಳಲ್ಲ. ಆದುದರಿಂದ "ಒಳಗಿನ ಕಲ್ಲು ಕದ್ದರು" ಎಂಬ ಹಳೆಯ ಅನುಮಾನಕ್ಕೆ ಆಧಾರ ಕಡಿಮೆ; ಆ ಕಲ್ಲಿಗೆ ಗಡಿಯಾರದ ಹೊರಗೆ ಬೆಲೆಯಿಲ್ಲ.

ನಿಖರತೆಯ ಬಗ್ಗೆಯೂ ಒಂದು ಮಾತು. ದಿನಕ್ಕೆ 86,400 ಸೆಕೆಂಡುಗಳು. ಹಳೆಯ ಗಡಿಯಾರವೊಂದು ದಿನಕ್ಕೆ 30 ಸೆಕೆಂಡು ಹಿಂದೆ ಬಿದ್ದರೆ ಅದರ ತಪ್ಪು ಶೇಕಡಾ 0.035 ಮಾತ್ರ. ಬ್ಯಾಟರಿಯ ಗಡಿಯಾರದೊಡನೆ ಹೋಲಿಸಿ ಅದನ್ನು ದೂರುವುದು ನ್ಯಾಯವಲ್ಲ.

ದುರಸ್ತಿಯ ಕ್ರಮ

ಕಸುಬುದಾರನ ಉಪಕರಣಗಳು ಸರಳ: ಒಂದು ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ, ತೆಳು ತುದಿಯ ಚಿಮಟಗಳು, ಬಗೆಬಗೆಯ ಅಳತೆಯ ಸ್ಕ್ರೂಡ್ರೈವರ್‌ಗಳು, ಧೂಳು ಊದುವ ರಬ್ಬರ್ ಬುಗ್ಗೆ, ಎಣ್ಣೆಯ ಕಣವನ್ನು ಎತ್ತುವ ಸೂಜಿಯಂಥ ಕಡ್ಡಿ. ಬಡಿತವನ್ನು ಆಲಿಸಿ ವೇಗವನ್ನು ತೋರಿಸುವ ಯಂತ್ರಗಳೂ ಇವೆ. ಆದರೂ ಅನುಭವಿಯಾದವನು ಮೊದಲು ಗಡಿಯಾರವನ್ನು ಕಿವಿಯ ಬಳಿ ಹಿಡಿಯುತ್ತಾನೆ. ಎರಡು ಬಡಿತಗಳ ನಡುವಿನ ಅಂತರ ಸಮನಾಗಿಲ್ಲದಿದ್ದರೆ ಅದು ಕುಂಟುವುದು ಕೇಳಿಸುತ್ತದೆ.

ಬಿಚ್ಚುವ ಮೊದಲು ಮಾಡಬೇಕಾದದ್ದು ಮೇನ್ ಸ್ಪ್ರಿಂಗಿನಲ್ಲಿ ಉಳಿದಿರುವ ಬಲವನ್ನು ನಿಧಾನವಾಗಿ ಇಳಿಸುವುದು. ಇದನ್ನು ಮರೆತು ಪ್ಯಾಲೆಟ್ ತೆಗೆದರೆ ಚಕ್ರಗಳೆಲ್ಲ ಒಮ್ಮೆಗೇ ಗಿರ್ರನೆ ತಿರುಗಿ ಹಲ್ಲು ಅಥವಾ ಅಚ್ಚು ಮುರಿಯುತ್ತದೆ. ಬಳಿಕ ಮುಳ್ಳುಗಳು, ಡಯಲ್, ಬ್ಯಾಲೆನ್ಸ್, ಪ್ಯಾಲೆಟ್, ಚಕ್ರಗಳ ಸಾಲು, ಕೊನೆಗೆ ಸ್ಪ್ರಿಂಗಿನ ಡಬ್ಬಿ ಹೊರಬರುತ್ತವೆ. ಒಂದೊಂದು ಸ್ಕ್ರೂವಿಗೂ ಅದರದೇ ಸ್ಥಾನ; ಅದಲುಬದಲಾದರೆ ಉದ್ದದ ಸ್ಕ್ರೂ ಕೆಳಗಿನ ಚಕ್ರಕ್ಕೆ ತಾಗುತ್ತದೆ.

ಮುಂದಿನದು ತೊಳೆಯುವ ಕೆಲಸ. ಹಿಂದೆ ಪೆಟ್ರೋಲಿನಲ್ಲಿ ಅದ್ದಿ ಕುಂಚದಿಂದ ಉಜ್ಜುತ್ತಿದ್ದರು. ಈಗ ಅನುಕೂಲವಿದ್ದವರು ಶ್ರವಣಾತೀತ ತರಂಗಗಳ ತೊಟ್ಟಿಯನ್ನು ಬಳಸುತ್ತಾರೆ. ಯಾವ ವಿಧಾನವಾದರೂ ಕಲ್ಲುಗಳ ತೂತಿನೊಳಗಿನ ಒಣ ಎಣ್ಣೆಯನ್ನು ಚೂಪಾದ ಮರದ ಕಡ್ಡಿಯಿಂದ ಕೆದಕಿ ತೆಗೆಯದೆ ಕೆಲಸ ಪೂರ್ಣವಾಗದು. ಆಮೇಲೆ ಭೂತಗನ್ನಡಿಯ ಕೆಳಗೆ ಪ್ರತಿಯೊಂದು ಅಚ್ಚಿನ ತುದಿ, ಪ್ರತಿಯೊಂದು ಕಲ್ಲು ಪರೀಕ್ಷೆಗೆ ಒಳಗಾಗಬೇಕು. ಗಡಿಯಾರ ಕೆಳಗೆ ಬಿದ್ದಿದ್ದರೆ ಬ್ಯಾಲೆನ್ಸಿನ ಅಚ್ಚು ಮುರಿದಿರುವ ಸಂಭವ ಹೆಚ್ಚು. ಹಿಂದಿನ ನಿಪುಣರು ಅಂಥ ಅಚ್ಚನ್ನು ಪುಟ್ಟ ಲೇತ್ ಯಂತ್ರದ ಮೇಲೆ ಉಕ್ಕಿನ ಕಡ್ಡಿಯಿಂದ ತಾವೇ ಕಡೆದು ಕೂರಿಸುತ್ತಿದ್ದರು. ಇಂದು ಇದನ್ನು ಬಲ್ಲವರು ವಿರಳ.

ಎಣ್ಣೆ ಹಾಕುವುದು ಈ ಕಸುಬಿನ ನಿಜವಾದ ಪರೀಕ್ಷೆ. ನಿಧಾನವಾಗಿ, ಹೆಚ್ಚು ಬಲದಿಂದ ತಿರುಗುವ ಭಾಗಗಳಿಗೆ ಗಟ್ಟಿ ಎಣ್ಣೆ. ವೇಗವಾಗಿ ಚಲಿಸುವ ಬ್ಯಾಲೆನ್ಸಿಗೆ ತೆಳು ಎಣ್ಣೆ. ಕಲ್ಲಿನ ಬಟ್ಟಲು ಅರ್ಧ ತುಂಬುವಷ್ಟು ಸಾಕು. ಹೆಚ್ಚಾದರೆ ಹರಿದುಹೋಗಿ ಬೇಕಾದಲ್ಲಿಯೇ ಇಲ್ಲದಂತಾಗುತ್ತದೆ. ಪ್ಯಾಲೆಟ್ಟಿನ ಅಚ್ಚಿಗೆ ಸಾಮಾನ್ಯವಾಗಿ ಎಣ್ಣೆ ಹಾಕುವುದಿಲ್ಲ, ಹೇರ್‌ಸ್ಪ್ರಿಂಗಿಗಂತೂ ತಾಗಲೇಬಾರದು. ತಾಗಿದರೆ ಸುರುಳಿಗಳು ಒಂದಕ್ಕೊಂದು ಅಂಟಿ ಗಡಿಯಾರ ವಿಪರೀತ ಮುಂದೆ ಓಡುತ್ತದೆ. ಕೊನೆಯಲ್ಲಿ ಗಡಿಯಾರವನ್ನು ಡಯಲ್ ಮೇಲಾಗಿ, ಕೆಳಗಾಗಿ, ಕೀಲಿಗುಂಡಿ ಬೇರೆ ಬೇರೆ ದಿಕ್ಕಿಗೆ ಇರುವಂತೆ ಇಟ್ಟು ಒಂದೆರಡು ದಿನ ನಡೆಸಿ ನೋಡಿ, ವೇಗವನ್ನು ಸರಿಹೊಂದಿಸಬೇಕು. ಹೀಗಾಗಿ ಒಳ್ಳೆಯ ಕಸುಬುದಾರ "ಸಂಜೆಗೆ ಬನ್ನಿ" ಎನ್ನುವುದಿಲ್ಲ. "ಮುಂದಿನ ವಾರ ಬನ್ನಿ" ಎನ್ನುತ್ತಾನೆ.

ಧೂಳು, ಬೆವರು, ಆಯಸ್ಕಾಂತ

ನಮ್ಮ ನಗರದ ಬೇಸಗೆ ಗಡಿಯಾರಕ್ಕೂ ಕಠಿಣ. ಬಿಸಿಗೆ ಉಕ್ಕಿನ ಸ್ಪ್ರಿಂಗಿನ ಗುಣ ಬದಲಾಗುವುದರಿಂದ ಪೂರ್ವದ ಗಡಿಯಾರಗಳು ಋತುವಿಗೊಂದು ರೀತಿ ನಡೆಯುತ್ತಿದ್ದವು. ಶಾಖಕ್ಕೆ ಹೆಚ್ಚು ಬದಲಾಗದ ನಿಕ್ಕಲ್ ಮಿಶ್ರಲೋಹಗಳನ್ನು ಕಂಡುಹಿಡಿದ ಶಾರ್ಲ್ ಎದ್ವಾರ್ ಗಿಯೋಮ್ ಎಂಬ ವಿಜ್ಞಾನಿಗೆ 1920ರಲ್ಲಿ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದಿತು. ಅಂಥ ಲೋಹದ ಸ್ಪ್ರಿಂಗುಗಳಿಂದ ಈ ತೊಂದರೆ ಬಹುಮಟ್ಟಿಗೆ ನೀಗಿತು. ಆದರೆ ಎಣ್ಣೆ ಒಣಗುವುದು, ಕೀಲಿಗುಂಡಿಯ ಸಂದಿಯಿಂದ ಬೆವರು ಮತ್ತು ಧೂಳು ಇಳಿಯುವುದು ನೀಗಿಲ್ಲ. ಒಣಗಿದ ಯಂತ್ರವನ್ನು ಹಾಗೆಯೇ ನಡೆಸಿದರೆ ಧೂಳು ಅರದಂತೆ ಅಚ್ಚನ್ನು ಸವೆಸುತ್ತದೆ. ನಿಲ್ಲುವುದಕ್ಕಿಂತ ಹೀಗೆ ನಡೆಯುವುದೇ ಹೆಚ್ಚು ಅಪಾಯ. ಆದುದರಿಂದ ನಿತ್ಯ ಕಟ್ಟುವ ಗಡಿಯಾರವನ್ನು ನಾಲ್ಕೈದು ವರ್ಷಗಳಿಗೊಮ್ಮೆ ತೊಳೆಸುವುದು ಒಳಿತು.

ಗಡಿಯಾರ ಇದ್ದಕ್ಕಿದ್ದಂತೆ ದಿನಕ್ಕೆ ಹಲವು ನಿಮಿಷ ಮುಂದೆ ಹೋಗತೊಡಗಿದರೆ ಸ್ಪೀಕರ್, ಮೊಬೈಲಿನ ಕವಚ ಮುಂತಾದವುಗಳ ಆಯಸ್ಕಾಂತ ಶಕ್ತಿ ಅದಕ್ಕೆ ಹತ್ತಿರಬಹುದು. ಅದನ್ನು ನಿವಾರಿಸಲು ಕಸುಬುದಾರನಿಗೆ ಕೆಲವು ಕ್ಷಣಗಳು ಸಾಕು.

ನಮ್ಮದೊಂದು ಅನುಭವ

ನಮ್ಮ ಮನೆಯ ಹಿರಿಯರೊಬ್ಬರ ಬಳಿ ಒಂದು ಜನತಾ ಗಡಿಯಾರವಿತ್ತು. ಅದರ ಬಿಳಿಯ ಡಯಲ್ ವರ್ಷಗಳು ಕಳೆದಂತೆ ಕೆನೆಯ ಬಣ್ಣಕ್ಕೆ ತಿರುಗಿ, ಒಂದು ಅಂಚಿನಲ್ಲಿ ನೀರಿನ ಕಲೆ ಕೂತಿತ್ತು. ಅವರಿಗೆ ಸಂತೋಷವಾಗಲೆಂದು ಅದನ್ನು ಒಂದು ಅಂಗಡಿಗೆ ಕೊಟ್ಟು "ಹೊಸದರಂತೆ ಮಾಡಿಕೊಡಿ" ಎಂದೆವು. ಗಡಿಯಾರ ಬೆಳ್ಳಗೆ ಹೊಳೆಯುತ್ತ ಬಂತು. ಮನೆಗೆ ತಂದು ಕೊಟ್ಟಾಗ ಅವರು ಬೆಳಕಿಗೆ ಹಿಡಿದು ನೋಡಿ, "ಇದು ಯಾರ ಗಡಿಯಾರಪ್ಪಾ?" ಎಂದರು. ಹಳೆಯ ಡಯಲನ್ನು ಕೆರೆದು ಬಣ್ಣ ಬಳಿದು, ಅಕ್ಷರಗಳನ್ನು ಹೊಸದಾಗಿ ಅಚ್ಚು ಹಾಕಿದ್ದರು. ಅಕ್ಷರ ದಪ್ಪವಾಗಿತ್ತು, ನಿಮಿಷದ ಗೆರೆಗಳು ಸಮನಾಗಿರಲಿಲ್ಲ. ಅವರು ಅದನ್ನು ಮತ್ತೆ ಕಟ್ಟಲಿಲ್ಲ. ಅಂಗಡಿಯವರನ್ನು ದೂರುವುದು ಹೇಗೆ? ನಾವು ಕೇಳಿದ್ದನ್ನೇ ಅವರು ಮಾಡಿದ್ದರು. ಯಂತ್ರವನ್ನು ತೊಳೆದು ಎಣ್ಣೆ ಹಾಕಿ ಎಂದಷ್ಟೇ ನಾವು ಹೇಳಿದ್ದರೆ ಸಾಕಿತ್ತು. ಓದುಗರು ಈ ತಪ್ಪನ್ನು ಮಾಡದಿರಲಿ ಎಂದೇ ಇದನ್ನು ಇಲ್ಲಿ ಬರೆದಿದ್ದೇವೆ.

ಬಿಡಿಭಾಗಗಳು ಮತ್ತು ಕಸುಬಿನ ನಾಳೆ

ಜನತಾ, ಪೈಲಟ್ ಮುಂತಾದ ಹಲವು ಎಚ್‌ಎಂಟಿ ಗಡಿಯಾರಗಳ ಒಳಗಿನ ಯಂತ್ರ ಒಂದೇ ಬಗೆಯದು. ಒಂದರ ಭಾಗ ಇನ್ನೊಂದಕ್ಕೆ ಹೊಂದುತ್ತದೆ. ಕಾರ್ಖಾನೆಯಿಂದ ಹೊಸ ಭಾಗಗಳು ಬರುವುದು ನಿಂತ ಮೇಲೆ ಕಸುಬುದಾರರು ಹಳೆಯ, ನಡೆಯದ ಗಡಿಯಾರಗಳನ್ನು ಕೊಂಡು ಅವುಗಳಿಂದ ಭಾಗ ತೆಗೆಯುತ್ತಾರೆ. ಹೀಗೆ ಒಂದನ್ನು ಉಳಿಸಲು ಇನ್ನೊಂದು ಬರಿದಾಗುತ್ತದೆ. ಈ ದಾಸ್ತಾನು ಎಂದೆಂದಿಗೂ ಇರುವುದಲ್ಲ. ಭಾಗ ಬದಲಿಸುವುದಕ್ಕಿಂತ ಇದ್ದ ಭಾಗವನ್ನೇ ಸರಿಪಡಿಸುವ ಕೈಗೆ ಬೆಲೆ ಹೆಚ್ಚುವುದು ಇದರಿಂದಲೇ. ಬಾಗಿದ ಹೇರ್‌ಸ್ಪ್ರಿಂಗನ್ನು ಎರಡು ಚಿಮಟಗಳಿಂದ ಮತ್ತೆ ಸಮತಟ್ಟು ಮಾಡುವ ಕೈ ಒಂದು ದಿನದಲ್ಲಿ ತಯಾರಾಗದು; ಗುರುವಿನ ಪಕ್ಕದಲ್ಲಿ ವರ್ಷಗಟ್ಟಲೆ ಕುಳಿತು, ಹತ್ತಾರು ಸ್ಪ್ರಿಂಗ್ ಕೆಡಿಸಿ ಕಲಿಯಬೇಕು.

ಆದರೆ ಪಕ್ಕದಲ್ಲಿ ಕೂರುವವರು ಯಾರು? ದಿನವಿಡೀ ಬ್ಯಾಟರಿ ಮತ್ತು ಪಟ್ಟಿ ಬದಲಿಸಿ ಜೀವನ ಸಾಗಿಸಬೇಕಾದ ಅಂಗಡಿಯಲ್ಲಿ ಮಗನಿಗೆ ಈ ವಿದ್ಯೆ ಕಲಿಸಲು ತಂದೆಗೇ ಮನಸ್ಸು ಬರುವುದಿಲ್ಲ. ನಾವೂ ಎರಡು ಗಂಟೆಯ ಸೂಕ್ಷ್ಮ ಕೆಲಸಕ್ಕೆ ಹೋಟೆಲಿನ ಒಂದು ಊಟದಷ್ಟು ಹಣ ಕೊಡಲು ಚೌಕಾಸಿ ಮಾಡುತ್ತೇವೆ. ಗಡಿಯಾರದ ಅಂದಿನ ಬೆಲೆ ಇಷ್ಟೇ ಇತ್ತು ಎಂಬ ವಾದ ಇಲ್ಲಿ ಸಲ್ಲದು. ನಾವು ಹಣ ಕೊಡುವುದು ಗಡಿಯಾರದ ಬೆಲೆಗಲ್ಲ. ಅದನ್ನು ಬಿಚ್ಚಿ ಮತ್ತೆ ಕೂಡಿಸಬಲ್ಲ ವಿದ್ಯೆಗೆ.

ಓದುಗರ ಗಮನಕ್ಕೆ

ಹಳೆಯ ಗಡಿಯಾರವನ್ನು ದುರಸ್ತಿಗೆ ಕೊಡುವ ಮುನ್ನ ಈ ಅಂಶಗಳನ್ನು ನೆನಪಿನಲ್ಲಿಡುವುದು ಒಳ್ಳೆಯದು.

1. ಬಹುಕಾಲ ನಿಂತಿದ್ದ ಗಡಿಯಾರಕ್ಕೆ ಕೀಲಿ ಕೊಟ್ಟು, ಅಲುಗಿಸಿ, ತಟ್ಟಿ ನಡೆಸಲು ಹೋಗಬಾರದು. ಮೊದಲು ತೊಳೆಸಬೇಕು.

2. ಕೊಡುವಾಗ ಡಯಲ್ ಮತ್ತು, ಸಾಧ್ಯವಾದರೆ, ಒಳಯಂತ್ರದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಬೇಕು.

3. ಡಯಲಿಗೆ ಬಣ್ಣ ಬೇಡ, ಕವಚಕ್ಕೆ ಪಾಲಿಶ್ ಬೇಡ ಎಂದು ಮೊದಲೇ ಸ್ಪಷ್ಟವಾಗಿ ಹೇಳಬೇಕು. ಬದಲಿಸಿದ ಹಳೆಯ ಭಾಗಗಳನ್ನು ಮರಳಿ ಕೇಳಿ ಪಡೆಯಬೇಕು.

4. ಕತ್ತಲಲ್ಲಿ ಹೊಳೆಯುತ್ತಿದ್ದ ಬಹಳ ಹಳೆಯ ಡಯಲುಗಳಲ್ಲಿ ರೇಡಿಯಂ ಇರುವ ಸಾಧ್ಯತೆಯುಂಟು. ಹೊಳಪು ಹೋಗಿದ್ದರೂ ವಿಕಿರಣ ಹೋಗಿರುವುದಿಲ್ಲ. ಅಂಥ ಗಡಿಯಾರವನ್ನು ಮನೆಯಲ್ಲಿ ತೆರೆಯಬಾರದು, ಕೆರೆಯಬಾರದು.

5. ನೀರು ಒಳಹೊಕ್ಕರೆ ಬಿಸಿಲಿಗೆ ಇಟ್ಟು ಕಾಯದೆ ಅಂದೇ ಕಸುಬುದಾರನಿಗೆ ತಲುಪಿಸಬೇಕು. ಉಕ್ಕಿನ ಭಾಗಗಳಿಗೆ ತುಕ್ಕು ಹಿಡಿಯಲು ಹೆಚ್ಚು ಕಾಲ ಬೇಕಿಲ್ಲ.

6. ದುರಸ್ತಿಯಾದ ಮೇಲೆ ದಿನವೂ ಒಂದೇ ಹೊತ್ತಿಗೆ, ಕೈಯಿಂದ ಬಿಚ್ಚಿ, ಕೀಲಿ ಕೊಡಬೇಕು. ಬಿಗಿಯಾಯಿತೆನಿಸಿದೊಡನೆ ನಿಲ್ಲಿಸಬೇಕು. ತಾರೀಖು ತೋರಿಸುವ ಗಡಿಯಾರದಲ್ಲಿ ರಾತ್ರಿ 9ರಿಂದ ಬೆಳಗಿನ 3ರವರೆಗೆ ತಾರೀಖನ್ನು ಬದಲಿಸಬಾರದು; ಆಗ ತಾರೀಖಿನ ಚಕ್ರದ ಹಲ್ಲುಗಳು ಕೂಡಿಕೊಂಡಿರುತ್ತವೆ.

ಚಾರ್‌ಮಿನಾರಿನ ಗಡಿಯಾರವಾಗಲಿ, ಸಾಲಾರ್ ಜಂಗರ ಸಂಗೀತ ಗಡಿಯಾರವಾಗಲಿ ಇಂದಿಗೂ ನಮಗೆ ನೋಡಲು ಸಿಗುತ್ತಿರುವುದು ಕಾಲಕಾಲಕ್ಕೆ ಯಾರೋ ಅವುಗಳನ್ನು ಬಿಚ್ಚಿ, ಒರೆಸಿ, ಎಣ್ಣೆ ಹಾಕಿದ್ದರಿಂದ. ಮನೆಯ ಗಡಿಯಾರಕ್ಕೆ ಆ ಕೆಲಸ ಮಾಡಿಸಬೇಕಾದವರು ನಾವು. ಈ ಭಾನುವಾರ ಬೀರು ತೆರೆದು ಆ ಗಡಿಯಾರವನ್ನು ಹೊರತೆಗೆಯಿರಿ. ನಿಮ್ಮ ಬಡಾವಣೆಯ ಹಳೆಯ ಘಡೀಸಾಜ್ ಅಂಗಡಿ ಇನ್ನೂ ಇದ್ದರೆ ಅಲ್ಲಿಗೆ ಕೊಂಡೊಯ್ಯಿರಿ. ಮನೆಯ ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅವರು ಕೆಲಹೊತ್ತು ಆ ಮೇಜಿನ ಬಳಿ ನಿಂತು ನೋಡಲಿ ಎಂದು ಓದುಗರಲ್ಲಿ ವಿನಂತಿಸುತ್ತೇವೆ.